ಕೂಲೆಂಟ್ ಸೆನ್ಸರ್ ಬದಲಿಸುವ ಮೊದಲು ಅದರ ಎರಡು ವೈರುಗಳನ್ನು ಪರೀಕ್ಷಿಸಿ

ಹೋದ ಮಳೆಗಾಲದಲ್ಲಿ, ಕಕ್ಕಡ ಮಾಸದ ಮಳೆ ಬಿಡದೆ ಸುರಿಯುತ್ತಿದ್ದ ವಾರ, ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬರುತ್ತಿದ್ದಾಗ ನನ್ನ ಕಾರಿನ ಎಂಜಿನ್ ದೀಪ ಹೊತ್ತಿಕೊಂಡಿತು. ಎಸಿ ತಾನಾಗಿ ನಿಂತಿತು. ರೇಡಿಯೇಟರ್ ಫ್ಯಾನ್ ಮಾತ್ರ ಮಳೆಯ ಸದ್ದನ್ನೂ ಮೀರಿ ಓಡತೊಡಗಿತು. ಮನೆಗೆ ಬಂದು ಬಾನೆಟ್ ತೆರೆದರೆ ಎಂಜಿನ್ ಅತಿಯಾಗಿ ಕಾದ ಲಕ್ಷಣವೇ ಇಲ್ಲ. ಮರುದಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ0118 ಎಂಬ ಕೋಡ್ ಬಂತು, ಕೂಲೆಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ, ತಾಪಮಾನ ಅಳೆಯುವ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಹಾಕಿ ಕಳುಹಿಸಿದರು. ಮನೆ ಸೇರುವ ಮೊದಲೇ ಅದೇ ದೀಪ, ಅದೇ ಫ್ಯಾನ್. ಕೊನೆಗೆ ಸಿಕ್ಕಿದ್ದು ಏರ್ ಫಿಲ್ಟರ್ ಪೆಟ್ಟಿಗೆಯ ಕೆಳಗೆ ಇಲಿ ಕಡಿದಿದ್ದ ಒಂದು ವೈರ್. ಹಳೆಯ ಸೆನ್ಸರಿನಲ್ಲಿ ದೋಷವೇ ಇರಲಿಲ್ಲ.

ಕೋಡ್ ಹೇಳುವುದು ದೋಷ ಯಾವ ಸರ್ಕ್ಯೂಟಿನಲ್ಲಿದೆ ಎಂಬುದನ್ನು. ಆ ಸರ್ಕ್ಯೂಟಿನ ಯಾವ ಭಾಗ ಕೆಟ್ಟಿದೆ ಎಂಬುದನ್ನು ನಾವೇ ಹುಡುಕಬೇಕು. ಸೆನ್ಸರ್, ಅದರ ಕನೆಕ್ಟರ್, ಎರಡು ವೈರುಗಳು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಇಷ್ಟೇ ಭಾಗಗಳು. ನಮ್ಮ ಕೊಡಗಿನಲ್ಲಿ ನಾಲ್ಕು ತಿಂಗಳ ಮಳೆ, ಸದಾ ತೇವ, ಕಾಫಿ ತೋಟದ ನಡುವಿನ ಶೆಡ್ಡುಗಳು, ಅಲ್ಲಿ ಓಡಾಡುವ ಇಲಿಗಳು. ಇವೆಲ್ಲ ಸೆನ್ಸರಿಗಿಂತ ಮೊದಲು ವೈರು ಮತ್ತು ಕನೆಕ್ಟರುಗಳನ್ನೇ ಹಾಳು ಮಾಡುತ್ತವೆ. ಆದ್ದರಿಂದ ಹುಡುಕಾಟವನ್ನು ಅಲ್ಲಿಂದ ಆರಂಭಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಇದಕ್ಕೆ ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸಣ್ಣ ಸ್ಕ್ಯಾನರ್, ಗೇಣುದ್ದದ ತೆಳುವಾದ ವೈರ್ ಮತ್ತು ಒಂದು ಟಾರ್ಚ್. ಸ್ಕ್ಯಾನರ್ ಚುಚ್ಚುವ ಹದಿನಾರು ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಇರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಕಾರುಗಳಲ್ಲಿ ಅದು ಇದ್ದೇ ಇರುತ್ತದೆ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲೂ ಇದೆ.

ಸೆನ್ಸರ್ ಕೆಲಸ ಮಾಡುವ ಬಗೆ

ಇದನ್ನು ಅರ್ಥಮಾಡಿಕೊಂಡರೆ ಮುಂದಿನ ಪರೀಕ್ಷೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟಿನ ಹರಿವಿಗೆ ತೆರೆದುಕೊಳ್ಳುವ ಕವಾಟ) ಇರುವ ಜಾಗದ ಹತ್ತಿರ, ಕೂಲೆಂಟಿನಲ್ಲಿ ತುದಿ ಮುಳುಗುವಂತೆ ಕೂರಿಸಿರುವ ಈ ಸೆನ್ಸರಿನ ಒಳಗೆ ಒಂದು ಥರ್ಮಿಸ್ಟರ್ ಇದೆ. ತಣ್ಣಗಿದ್ದಾಗ ಅದರ ರೋಧ ಹೆಚ್ಚು, ಬಿಸಿಯಾದಂತೆ ಕಡಿಮೆ. ಬಹಳಷ್ಟು ಕಾರುಗಳಲ್ಲಿ ಬಳಸುವ ಒಂದು ಬಗೆಯ ಸೆನ್ಸರಿನ ಅಳತೆ ಹೀಗಿದೆ: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5,900 ಓಮ್, 20 ಡಿಗ್ರಿಯಲ್ಲಿ 2,500, 40ರಲ್ಲಿ 1,200ರ ಆಸುಪಾಸು, 60ರಲ್ಲಿ 600, 80ರಲ್ಲಿ 320, 100ರಲ್ಲಿ 190ರ ಹತ್ತಿರ. ಬೇರೆ ಬಗೆಯ ಸೆನ್ಸರುಗಳೂ ಇವೆ, ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುವ ಅಳತೆಯೇ ನಿಮಗೆ ಪ್ರಮಾಣ. ಆದರೆ ಇಳಿಕೆಯ ರೀತಿ ಎಲ್ಲದರಲ್ಲೂ ಒಂದೇ. ಮೊದಲು ಕಡಿದಾಗಿ, ಆಮೇಲೆ ನಿಧಾನವಾಗಿ.

ಇಸಿಯು ತನ್ನ ಒಳಗಿನ ಒಂದು ರೋಧಕದ ಮೂಲಕ 5 ವೋಲ್ಟನ್ನು ಒಂದು ವೈರಿನಲ್ಲಿ ಕಳುಹಿಸುತ್ತದೆ. ಅದು ಸಿಗ್ನಲ್ ವೈರ್. ಸೆನ್ಸರ್ ದಾಟಿ ಇನ್ನೊಂದು ವೈರಿನಲ್ಲಿ ಕರೆಂಟ್ ಇಸಿಯುಗೆ ಮರಳುತ್ತದೆ. ಅದು ಅರ್ತ್ ವೈರ್. ಸೆನ್ಸರಿನ ರೋಧ ಹೆಚ್ಚಿದ್ದಾಗ ಸಿಗ್ನಲ್ ವೈರಿನಲ್ಲಿ ಉಳಿಯುವ ವೋಲ್ಟೇಜ್ ಹೆಚ್ಚು, ರೋಧ ಇಳಿದಾಗ ವೋಲ್ಟೇಜೂ ಇಳಿಯುತ್ತದೆ. ಇಸಿಯುಗೆ ಕಾಣುವುದು ಈ ವೋಲ್ಟೇಜ್ ಒಂದೇ. ವೈರ್ ಎಲ್ಲಿಯಾದರೂ ಕಡಿದರೆ ಇಸಿಯು ಕಡೆಯಲ್ಲಿ 5 ವೋಲ್ಟ್ ಹಾಗೆಯೇ ನಿಲ್ಲುತ್ತದೆ. ಅದನ್ನು ಇಸಿಯು ಮೈನಸ್ 40 ಡಿಗ್ರಿಯ ಚಳಿ ಎಂದು ಓದುತ್ತದೆ. ಸಿಗ್ನಲ್ ವೈರ್ ಸಿಪ್ಪೆ ಹೋಗಿ ಎಂಜಿನ್ ಲೋಹಕ್ಕೆ ತಾಗಿದರೆ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ. ಅದನ್ನು 130, 140 ಡಿಗ್ರಿಯ ಉರಿ ಎಂದು ಓದುತ್ತದೆ. ಮೊದಲನೆಯದಕ್ಕೆ ಪಿ0118, ಎರಡನೆಯದಕ್ಕೆ ಪಿ0117. ಅಳತೆ ಇದ್ದೂ ನಂಬುವಂತಿಲ್ಲದಿದ್ದರೆ ಪಿ0116, ಬಂದು ಹೋಗುವ ದೋಷಕ್ಕೆ ಪಿ0119. ಕೊಡಗಿನಲ್ಲಿ ಮೈನಸ್ 40 ಡಿಗ್ರಿ ಎಂದೂ ಬರುವುದಿಲ್ಲ. ಸ್ಕ್ಯಾನರಿನಲ್ಲಿ ಆ ಸಂಖ್ಯೆ ಕಂಡ ಕ್ಷಣವೇ ಎಲ್ಲೋ ಸಂಪರ್ಕ ತಪ್ಪಿದೆ ಎಂದು ತಿಳಿಯಿರಿ.

ಇಸಿಯು ತಪ್ಪು ಓದಿದರೆ ಪೆಟ್ರೋಲಿನ ಲೆಕ್ಕವೂ ತಪ್ಪುತ್ತದೆ. ಎಂಜಿನ್ ಬಿಸಿ ಇದ್ದರೂ ತಣ್ಣಗಿದೆ ಎಂದು ಭಾವಿಸಿದರೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ: ಮೈಲೇಜ್ ಇಳಿಯುತ್ತದೆ, ಹೊಗೆ ಕಪ್ಪಾಗುತ್ತದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ. ತಣ್ಣಗಿದ್ದರೂ ಬಿಸಿ ಎಂದು ಭಾವಿಸಿದರೆ ಪೆಟ್ರೋಲ್ ಸಾಲದೆ, ಡಿಸೆಂಬರಿನ ಮಂಜಿನ ಬೆಳಗ್ಗೆ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸಿಗ್ನಲ್ ಪೂರ್ತಿ ಕಳೆದುಹೋದಾಗ ಹೆಚ್ಚಿನ ಕಾರುಗಳು ಎಂಜಿನ್ ಉಳಿಸಲು ಫ್ಯಾನನ್ನು ನಿರಂತರ ಓಡಿಸುತ್ತವೆ, ಕೆಲವು ಎಸಿಯನ್ನೂ ನಿಲ್ಲಿಸುತ್ತವೆ. ನನ್ನ ಕಾರು ಘಾಟಿಯಲ್ಲಿ ಮಾಡಿದ್ದು ಇದನ್ನೇ.

ಮೊದಲು ಕೂಲೆಂಟ್ ಮಟ್ಟ

ಮಲ್ಟಿಮೀಟರ್ ಹಿಡಿಯುವ ಮೊದಲು ಎಂಜಿನ್ ಪೂರ್ತಿ ತಣ್ಣಗಾಗಿರುವಾಗ ಕೂಲೆಂಟ್ ಮಟ್ಟ ನೋಡಿ. ಮಟ್ಟ ಇಳಿದು ಸೆನ್ಸರಿನ ತುದಿ ಗಾಳಿಯಲ್ಲಿ ಉಳಿದರೆ ಒಳ್ಳೆಯ ಸೆನ್ಸರೂ ತಪ್ಪು ಹೇಳುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತಿರುಗಿಸಬೇಡಿ. ಒಳಗೆ ಒತ್ತಡದಲ್ಲಿರುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಘಾಟಿಯಲ್ಲಿ ಕಾರು ನಿಲ್ಲಿಸಿ ರಸ್ತೆ ಬದಿಯ ಝರಿಯ ನೀರು ತುಂಬಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಆಪತ್ತಿಗೆ ಅದು ಸರಿ, ಆದರೆ ಕೂಲೆಂಟಿನಲ್ಲಿರುವ ತುಕ್ಕುನಿರೋಧಕ ತೆಳುವಾಗುವುದರಿಂದ ಆಮೇಲೆ ಅದನ್ನು ಹರಿಸಿ ಸರಿಯಾದ ಕೂಲೆಂಟ್ ತುಂಬಲೇಬೇಕು.

ಇನ್ನೊಂದು ಮಾತು. ತೋಟಗಳಲ್ಲಿ ಓಡುವ ಹಳೆಯ ಡೀಸೆಲ್ ಜೀಪುಗಳಲ್ಲಿ ಒಂದೇ ವೈರಿನ ಸೆನ್ಸರ್ ಇರುತ್ತದೆ. ಅದು ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳಿಗೆ ಮಾತ್ರ ಸಂಬಂಧಪಟ್ಟದ್ದು. ಕೆಲವು ಕಾರುಗಳಲ್ಲಿ ಮುಳ್ಳಿಗೊಂದು, ಇಸಿಯುಗೊಂದು ಹೀಗೆ ಎರಡು ಸೆನ್ಸರುಗಳಿವೆ. ನಾನು ಇಲ್ಲಿ ಹೇಳುತ್ತಿರುವುದು ಇಸಿಯುಗೆ ಹೋಗುವ ಎರಡು ವೈರಿನ ಸೆನ್ಸರಿನ ಬಗ್ಗೆ. ಸರಿಯಾದದ್ದನ್ನು ಗುರುತಿಸದೆ ಮುಂದುವರಿಯಬೇಡಿ.

ಬೆಳಗಿನ ಪರೀಕ್ಷೆ

ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್, ಕೂಲೆಂಟ್, ಹೊರಗಿನ ಗಾಳಿ ಎಲ್ಲವೂ ಒಂದೇ ತಾಪಮಾನಕ್ಕೆ ಬಂದಿರುತ್ತವೆ. ಬಿಸಿಲು ಬೀಳುವ ಮೊದಲು, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಎರಡು ಸಂಖ್ಯೆಗಳನ್ನು ಓದಿ: ಕೂಲೆಂಟಿನ ತಾಪಮಾನ ಮತ್ತು ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯ ತಾಪಮಾನ. ಎರಡರ ನಡುವೆ ಮೂರರಿಂದ ಐದು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಗಾಳಿ 15, ಕೂಲೆಂಟ್ 16 ಎಂದಿದ್ದರೆ ಈ ಹೊತ್ತಿಗೆ ಸರ್ಕ್ಯೂಟ್ ಸರಿ. ಗಾಳಿ 15, ಕೂಲೆಂಟ್ 38 ಎಂದರೆ ಸರಿಯಿಲ್ಲ. ಗಾಳಿ 15, ಕೂಲೆಂಟ್ ಮೈನಸ್ 40 ಎಂದರೆ ಕಡಿದ ಸರ್ಕ್ಯೂಟ್. ಒಂದು ಪೈಸೆಯ ಖರ್ಚಿಲ್ಲದ ಈ ಪರೀಕ್ಷೆಯನ್ನು ಎಷ್ಟೋ ಗ್ಯಾರೇಜುಗಳು ಮಾಡುವುದಿಲ್ಲ, ಏಕೆಂದರೆ ಕಾರು ಅಲ್ಲಿಗೆ ತಲುಪುವಾಗ ಬಿಸಿಯಾಗಿರುತ್ತದೆ. ಮನೆಯ ಅಂಗಳದಲ್ಲಿ ಮಾಡುವ ಅವಕಾಶ ನಿಮಗೇ ಹೆಚ್ಚು.

ಕನೆಕ್ಟರ್ ಕಳಚಿ, ವೈರ್ ತುಂಡು ಹಾಕಿ

ಇಡೀ ಹುಡುಕಾಟದ ಜೀವಾಳ ಇಲ್ಲಿದೆ. ಕೀ ಆಫ್ ಮಾಡಿ ಸೆನ್ಸರಿನ ಕನೆಕ್ಟರ್ ಕಳಚಿ. ವೈರ್ ಹಿಡಿದು ಎಳೆಯಬೇಡಿ, ಲಾಕನ್ನು ಒತ್ತಿ ಬಿಡಿಸಿ. ಹಳೆಯ ಪ್ಲಾಸ್ಟಿಕ್ ಬೇಗ ಮುರಿಯುತ್ತದೆ. ಈಗ ಕೀ ಆನ್ ಮಾಡಿ, ಎಂಜಿನ್ ಓಡಿಸಬೇಡಿ. ಫ್ಯಾನ್ ಒಮ್ಮೆಲೇ ತಿರುಗಬಹುದು, ಆದ್ದರಿಂದ ಕೈ ಮತ್ತು ತೋಳು ದೂರವಿರಲಿ. ಸ್ಕ್ಯಾನರಿನಲ್ಲಿ ಕೂಲೆಂಟ್ ಅಳತೆ ಮೈನಸ್ 40ಕ್ಕೆ ಇಳಿಯಬೇಕು. ಕಳಚಿದ ಮೇಲೂ 130 ಡಿಗ್ರಿ ತೋರಿಸುತ್ತಲೇ ಇದ್ದರೆ ಸೆನ್ಸರ್ ನಿರಪರಾಧಿ. ಸಿಗ್ನಲ್ ವೈರ್ ಎಲ್ಲೋ ಲೋಹಕ್ಕೆ ಅಥವಾ ಅರ್ತ್ ವೈರಿಗೆ ತಾಗುತ್ತಿದೆ.

ಆಮೇಲೆ ಕೀ ಆಫ್ ಮಾಡಿ, ಕನೆಕ್ಟರಿನ ವೈರ್ ಕಡೆಯ ಎರಡು ಸಾಕೆಟ್‌ಗಳನ್ನು ತೆಳುವಾದ ವೈರ್ ತುಂಡಿನಿಂದ ಒಂದಕ್ಕೊಂದು ಜೋಡಿಸಿ. ದಪ್ಪ ಮೊಳೆ, ಸ್ಕ್ರೂಡ್ರೈವರ್ ತುರುಕಿದರೆ ಸಾಕೆಟ್ ಅಗಲವಾಗಿ ಹೊಸ ದೋಷ ಹುಟ್ಟುತ್ತದೆ. ಬ್ಯಾಟರಿಯ 12 ವೋಲ್ಟನ್ನು ಈ ಸಾಕೆಟ್‌ಗಳಿಗೆ ಎಂದಿಗೂ ಮುಟ್ಟಿಸಬೇಡಿ, ಇಸಿಯು ಸುಡಬಹುದು. ಕೀ ಆನ್ ಮಾಡಿದಾಗ ಅಳತೆ 120, 130ಕ್ಕೂ ಮೇಲಕ್ಕೆ ಹಾರಬೇಕು.

ಕಳಚಿದಾಗ ಮೈನಸ್ 40, ಜೋಡಿಸಿದಾಗ ಅತಿ ಬಿಸಿ, ಎರಡೂ ಸರಿಯಾಗಿ ಬಂದರೆ ಇಸಿಯುನಿಂದ ಕನೆಕ್ಟರ್ ತನಕ ಎಲ್ಲವೂ ಸರಿ. ಅನುಮಾನ ಸೆನ್ಸರಿನ ಮೇಲೆ ಅಥವಾ ಅದರ ಪಿನ್‌ಗಳ ಮೇಲೆ. ಜೋಡಿಸಿದ ಮೇಲೂ ಮೈನಸ್ 40ರಲ್ಲೇ ನಿಂತರೆ ವೈರ್ ಕಡಿದಿದೆ. ನನ್ನ ಕಾರಿನಲ್ಲಿ ನಾನು ಮೊದಲೇ ಇದನ್ನು ಮಾಡಿದ್ದರೆ ಹೊಸ ಸೆನ್ಸರಿನ ಹಣ ಉಳಿಯುತ್ತಿತ್ತು.

ಕೆಲವು ಕಾರುಗಳ ಇಸಿಯು ದೋಷ ಕಂಡ ಕೂಡಲೇ ತಾನೇ ಊಹಿಸಿದ ಒಂದು ತಾಪಮಾನವನ್ನು, ಉದಾಹರಣೆಗೆ 80 ಡಿಗ್ರಿಯನ್ನು, ಸ್ಕ್ಯಾನರಿಗೆ ಕೊಡುತ್ತದೆ. ಕನೆಕ್ಟರ್ ಕಳಚಿದರೂ ಜೋಡಿಸಿದರೂ ಸಂಖ್ಯೆ ಕದಲುವುದಿಲ್ಲ. ಆಗ ಗಲಿಬಿಲಿಗೊಳ್ಳದೆ ಕೋಡ್ ಓದಿ. ಹಳೆಯ ಕೋಡ್ ಅಳಿಸಿ ಪರೀಕ್ಷೆ ಮಾಡಿದರೆ, ಕಳಚಿದಾಗ ಪಿ0118, ಜೋಡಿಸಿದಾಗ ಪಿ0117 ಬರಬೇಕು. ಅದೂ ಅನುಮಾನವಾದರೆ ವೋಲ್ಟೇಜ್ ಅಳೆಯುವುದೇ ದಾರಿ.

ವೋಲ್ಟೇಜ್ ಅಳೆಯುವುದು

ಕನೆಕ್ಟರ್ ಕಳಚಿ, ಕೀ ಆನ್ ಇರಲಿ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು, ಕೆಂಪು ಕಡ್ಡಿಯನ್ನು ಒಂದೊಂದೇ ಸಾಕೆಟ್‌ಗೆ ಮುಟ್ಟಿಸಿ. ಒಂದರಲ್ಲಿ 5 ವೋಲ್ಟಿನ ಹತ್ತಿರ, ಇನ್ನೊಂದರಲ್ಲಿ ಸೊನ್ನೆ ಬರಬೇಕು. 5 ಬಂದದ್ದು ಸಿಗ್ನಲ್. ಈಗ ಕಪ್ಪು ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು ಎರಡನೆಯ ಸಾಕೆಟ್‌ಗೆ ಹಿಡಿಯಿರಿ. ಈಗಲೂ 5 ವೋಲ್ಟ್ ಬಂದರೆ ಎರಡೂ ವೈರ್ ಸರಿ. ಬ್ಯಾಟರಿ ಮೈನಸ್‌ಗೆ ಹಿಡಿದಾಗ 5 ಇದ್ದು, ಎರಡು ಸಾಕೆಟ್‌ಗಳ ನಡುವೆ ಇಲ್ಲವಾದರೆ ಅರ್ತ್ ವೈರ್ ಕಡಿದಿದೆ. ಎಷ್ಟೋ ಕಾರುಗಳಲ್ಲಿ ಈ ಅರ್ತ್ ವೈರನ್ನು ಬೇರೆ ಸೆನ್ಸರುಗಳೂ ಹಂಚಿಕೊಂಡಿರುತ್ತವೆ. ಆದ್ದರಿಂದ ಗಾಳಿಯ ತಾಪಮಾನ, ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು) ಇವುಗಳ ಕೋಡ್‌ಗಳೂ ಒಟ್ಟಿಗೆ ಬಂದಿದ್ದರೆ ಇಸಿಯು ಹತ್ತಿರ ಈ ಅರ್ತ್ ವೈರುಗಳು ಒಂದಾಗುವ ಜಾಗವನ್ನೇ ಮೊದಲು ನೋಡಿ.

ಎರಡರಲ್ಲೂ ಸೊನ್ನೆ ಬಂದರೆ ಸಿಗ್ನಲ್ ವೈರ್ ಕಡಿದಿರಬೇಕು, ಲೋಹಕ್ಕೆ ತಾಗಿರಬೇಕು, ಇಲ್ಲವೇ ಇಸಿಯು 5 ವೋಲ್ಟ್ ಕೊಡುತ್ತಿಲ್ಲ. ಕಡಿದಿದ್ದರೆ ಪಿ0118, ತಾಗಿದ್ದರೆ ಪಿ0117 ಎಂಬುದನ್ನು ನೆನಪಿಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಇಸಿಯು ಕಡೆಯ ಕನೆಕ್ಟರನ್ನೂ ಕಳಚಿ, ವೈರಿನ ಎರಡು ತುದಿಗಳ ನಡುವೆ ರೋಧ ಅಳೆಯಿರಿ. ಒಂದು ಓಮ್‌ನ ಆಸುಪಾಸು ಇದ್ದರೆ ವೈರ್ ಸರಿ. ಅದೇ ವೈರಿನಿಂದ ಎಂಜಿನ್ ಲೋಹಕ್ಕೆ ಅಳೆದರೆ ಸಂಪರ್ಕವೇ ಇರಬಾರದು. ಇಸಿಯು ಕೆಟ್ಟಿದೆ ಎಂಬ ತೀರ್ಮಾನವನ್ನು ಇವೆಲ್ಲ ಮುಗಿದ ಮೇಲೆ, ಕೊಟ್ಟಕೊನೆಗೆ ಮಾಡಿ. ಅದು ದುಬಾರಿ ಭಾಗ, ಮತ್ತು ಕೆಡುವುದು ಅಪರೂಪ.

ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯುವ ರೂಢಿ ನಮ್ಮ ಊರಿಗೆ ಒಗ್ಗುವುದಿಲ್ಲ. ಜೂನ್ ಬಂದರೆ ಆ ತೂತಿನಿಂದಲೇ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಕನೆಕ್ಟರಿನ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿಯಲ್ಲಿ ತೆಳುವಾದ ಪಿನ್ ಜಾರಿಸಿ ಅಳೆಯಿರಿ.

ಕನೆಕ್ಟರಿನ ಹಸಿರು

ಮಳೆಗಾಲ ಮುಗಿದ ಮೇಲೆ ಬರುವ ದೋಷಗಳಲ್ಲಿ ಅತ್ಯಂತ ಮೋಸಗಾರ ಇದು. ಕನೆಕ್ಟರಿನ ಪಿನ್ ಹಸಿರುಗಟ್ಟಿದಾಗ ಸಂಪರ್ಕ ಪೂರ್ತಿ ಕಡಿಯುವುದಿಲ್ಲ, ಸ್ವಲ್ಪ ರೋಧ ಸೇರಿಕೊಳ್ಳುತ್ತದೆ. 200 ಓಮ್ ಸೇರಿತು ಎಂದುಕೊಳ್ಳಿ. ಬೆಳಗ್ಗೆ 20 ಡಿಗ್ರಿಯಲ್ಲಿ ಸೆನ್ಸರಿನ 2,500 ಓಮ್ 2,700 ಆಗುತ್ತದೆ. ಇಸಿಯು 18 ಡಿಗ್ರಿ ಎಂದು ಓದುತ್ತದೆ. ಎರಡು ಡಿಗ್ರಿಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ, ಬೆಳಗಿನ ಪರೀಕ್ಷೆಯಲ್ಲಿ ಕಾರು ಪಾಸಾಗುತ್ತದೆ. ಆದರೆ ಎಂಜಿನ್ 80 ಡಿಗ್ರಿಗೆ ಬಂದಾಗ ಸೆನ್ಸರಿನ ರೋಧ 320. ಅದಕ್ಕೆ 200 ಸೇರಿದರೆ 520. ಇಸಿಯು ಅದನ್ನು 64 ಡಿಗ್ರಿಯ ಹತ್ತಿರ ಎಂದು ಓದುತ್ತದೆ. ಎಂಜಿನ್ ಇನ್ನೂ ಕಾದಿಲ್ಲ ಎಂದು ಪೆಟ್ರೋಲ್ ಹೆಚ್ಚು ಕೊಡುತ್ತದೆ, ಫ್ಯಾನನ್ನು ತಡವಾಗಿ ಹಾಕುತ್ತದೆ. ಗೋಣಿಕೊಪ್ಪ ಪೇಟೆಯಲ್ಲಿ ನಿಧಾನವಾಗಿ ಓಡಾಡುವವರಿಗೆ ಇದು ಮೈಲೇಜ್ ಪ್ರಶ್ನೆ. ಮಾಕುಟ್ಟ ಘಾಟಿಯನ್ನು ತುಂಬಿದ ಕಾರಿನಲ್ಲಿ ಹತ್ತುವವರಿಗೆ ಎಂಜಿನ್ನಿನ ಪ್ರಾಣದ ಪ್ರಶ್ನೆ.

ಹಾಗಾಗಿ ಬೆಳಗಿನ ಪರೀಕ್ಷೆ ಸರಿಯಾಗಿ ಬಂದರೂ ಬಿಸಿ ಎಂಜಿನ್ನಿನ ಪರೀಕ್ಷೆ ಬಿಡಬೇಡಿ. ಮುಟ್ಟದೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಸೆನ್ಸರ್ ಕೂತಿರುವ ಭಾಗದ ತಾಪಮಾನ ನೋಡಿ, ಸ್ಕ್ಯಾನರಿನ ಸಂಖ್ಯೆಯೊಂದಿಗೆ ಹೋಲಿಸಿ. ಐದಾರು ಡಿಗ್ರಿಯ ಅಂತರ ಸಹಜ, ಇಪ್ಪತ್ತು ಸಹಜವಲ್ಲ. ಎರಡೂ ಒಟ್ಟಿಗೆ 60ರ ಆಸುಪಾಸಿನಲ್ಲೇ ನಿಂತಿದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಆಗ ತೆರೆದುಕೊಂಡೇ ಉಳಿದ ಥರ್ಮೋಸ್ಟಾಟ್ ಮೇಲೆ ಅನುಮಾನ ಹೋಗಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ತಾಪಮಾನ ಕುಸಿಯುತ್ತಾ ಹೋಗುವುದು, ಪಿ0128 ಕೋಡ್ ಬರುವುದು ಅದರ ಗುರುತು.

ಹಸಿರುಗಟ್ಟಿದ ಪಿನ್‌ಗೆ ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೃದುವಾದ ಬ್ರಷ್‌ನಿಂದ ಉಜ್ಜಿ, ಒಣಗಿಸಿ. ಕನೆಕ್ಟರಿನ ರಬ್ಬರ್ ಸೀಲ್ ಹರಿದಿದ್ದರೆ ಎಷ್ಟು ಉಜ್ಜಿದರೂ ಮುಂದಿನ ಮಳೆಗೆ ಮತ್ತೆ ಅದೇ ಕತೆ. ಸೀಲ್ ಅಥವಾ ಇಡೀ ಕನೆಕ್ಟರ್ ಬದಲಿಸಿ.

ತೋಟದ ರಸ್ತೆಯ ಕುಲುಕಾಟದಲ್ಲಿ ಮಾತ್ರ ದೀಪ ಹೊತ್ತಿ, ಡಾಂಬರು ರಸ್ತೆಗೆ ಬಂದಾಗ ಸುಮ್ಮನಾಗುತ್ತಿದ್ದರೆ, ಸ್ಕ್ಯಾನರಿನ ಸಂಖ್ಯೆ ನೋಡುತ್ತಾ ಇನ್ನೊಬ್ಬರಿಂದ ವೈರ್ ಗೊಂಚಲನ್ನು ಗೇಣು ಗೇಣಾಗಿ ಅಲುಗಾಡಿಸಲು ಹೇಳಿ. ಎಂಜಿನ್ ನಿಂತಿರಲಿ, ಕೀ ಆನ್ ಇರಲಿ. ಯಾವ ಜಾಗದಲ್ಲಿ ಸಂಖ್ಯೆ ಹಾರುತ್ತದೆಯೋ ಅಲ್ಲೇ ದೋಷ. ನನ್ನ ಕಾರಿನ ಕಡಿದ ವೈರ್ ಹೀಗೆಯೇ ಸಿಕ್ಕಿತು. ಹೊರಗಿನ ಟೇಪ್ ಸುತ್ತು ಅರ್ಧ ಹಾಗೆಯೇ ಇದ್ದುದರಿಂದ ಕಣ್ಣಿಗೆ ಕಂಡಿರಲಿಲ್ಲ.

ಸೆನ್ಸರನ್ನೇ ಬಿಚ್ಚಿ ಪರೀಕ್ಷಿಸುವುದು

ವೈರ್ ಸರಿ ಎಂದು ಖಚಿತವಾದ ಮೇಲೆ ತಣ್ಣಗಿನ ಎಂಜಿನ್ನಿನಿಂದ ಸೆನ್ಸರ್ ಬಿಚ್ಚಿ. ಕೆಳಗೆ ಒಂದು ಬೋಗುಣಿ ಇಡಿ. ಸುರಿದ ಕೂಲೆಂಟನ್ನು ಕೂಡಲೇ ಒರೆಸಿ ತೆಗೆಯಿರಿ. ಅದರ ರುಚಿ ಸಿಹಿ, ನಾಯಿಗಳು ನೆಕ್ಕುತ್ತವೆ, ಸ್ವಲ್ಪ ಪ್ರಮಾಣವೂ ಅವುಗಳ ಪ್ರಾಣ ತೆಗೆಯಬಲ್ಲದು.

ಸೆನ್ಸರಿನ ಎರಡು ಪಿನ್‌ಗಳಿಗೆ ಮೀಟರ್ ಜೋಡಿಸಿ, ತುದಿಯನ್ನು ಮಾತ್ರ ನೀರಿನಲ್ಲಿ ಮುಳುಗಿಸಿ. ಮೊದಲು ಪುಡಿ ಮಾಡಿದ ಐಸ್ ತುಂಬಿದ ನೀರು, ಅದು 0 ಡಿಗ್ರಿ. ಆಮೇಲೆ ಒಲೆಯ ಮೇಲಿನ ನೀರು. ಇಲ್ಲಿ ಒಂದು ಎಚ್ಚರ: ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು ಕುದಿಯುವುದು 96 ಡಿಗ್ರಿಯ ಹತ್ತಿರ. ಕುದಿಯುವ ನೀರು ಎಂದರೆ 100 ಎಂದು ಭಾವಿಸಿ ಪುಸ್ತಕದ ಸಂಖ್ಯೆಗೆ ಹೋಲಿಸಿದರೆ ಸರಿಯಾದ ಸೆನ್ಸರೂ ಫೇಲಾದಂತೆ ಕಾಣುತ್ತದೆ. ಥರ್ಮಾಮೀಟರ್ ಇಟ್ಟೇ ಅಳೆಯಿರಿ. ನೀರು ಬಿಸಿಯಾಗುತ್ತಿರುವಾಗ ಮೀಟರಿನ ಸಂಖ್ಯೆ ಒಂದೇ ಸಮನೆ ಇಳಿಯುತ್ತಾ ಹೋಗಬೇಕು. ನಡುವೆ ಎಲ್ಲಿಯಾದರೂ ಹಾರಿದರೆ ಅಥವಾ ಕದಲದೆ ನಿಂತರೆ ಆ ಸೆನ್ಸರನ್ನು ಬದಲಿಸಬೇಕು.

ಹೊಸದನ್ನು ಹಾಕುವಾಗ ಹೊಸ ವಾಷರ್ ಅಥವಾ ರಬ್ಬರ್ ಉಂಗುರ ಬಳಸಿ, ಪ್ಲಾಸ್ಟಿಕ್ ಹೌಸಿಂಗ್ ಆಗಿದ್ದರೆ ಹಗುರವಾಗಿ ಬಿಗಿಯಿರಿ. ಕೂಲೆಂಟ್ ತುಂಬಿ, ಒಳಗೆ ಸಿಲುಕಿದ ಗಾಳಿ ಹೊರಬರುವಂತೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ. ಕಾರಿನ ಮೂತಿ ಎತ್ತರಕ್ಕಿದ್ದರೆ ಗಾಳಿ ಸುಲಭವಾಗಿ ಮೇಲೆ ಬರುತ್ತದೆ. ನಮ್ಮ ಊರಿನ ಇಳಿಜಾರು ಅಂಗಳಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಕಡಿದ ವೈರ್ ಸೇರಿಸುವಾಗ ಬರಿದೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವುದು ಸಾಲದು. ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಅದರ ಮೇಲೆ ಟೇಪ್ ಸುತ್ತಿ. ವೈರನ್ನು ಎಂಜಿನ್ ಲೋಹಕ್ಕೆ ಉಜ್ಜದಂತೆ ಕ್ಲಿಪ್ ಹಾಕಿ ಕಟ್ಟಿ. ಸುಗ್ಗಿ ಹಬ್ಬವಾದ ಹುತ್ತರಿಯ ನಂತರ ಭತ್ತ ಮನೆಗೆ ಬಂದಾಗ ಇಲಿಗಳೂ ಜೊತೆಗೆ ಬರುತ್ತವೆ, ಆ ತಿಂಗಳುಗಳಲ್ಲಿ ಎಂಟು ದಿನಕ್ಕೊಮ್ಮೆಯಾದರೂ ಬಾನೆಟ್ ತೆರೆದು ಹಿಕ್ಕೆ, ಹುಲ್ಲು, ಕಡಿದ ಸಿಪ್ಪೆ ಇದೆಯೇ ನೋಡಿ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ. ಮರುದಿನ ಬೆಳಗ್ಗೆ ಕೂಲೆಂಟ್ ಮತ್ತು ಗಾಳಿಯ ಸಂಖ್ಯೆಗಳನ್ನು ಮತ್ತೆ ಹೋಲಿಸಿ. ಆಮೇಲೆ ಎಂಜಿನ್ ಓಡಿಸಿ ಅಂಗಳದಲ್ಲೇ ನಿಲ್ಲಿಸಿ, ಸ್ಕ್ಯಾನರ್ ನೋಡುತ್ತಾ ಕಾಯಿರಿ. ತಾಪಮಾನ ಒಂದೇ ಸಮನೆ ಏರಿ 80 ದಾಟಬೇಕು. ಹೆಚ್ಚಿನ ಕಾರುಗಳಲ್ಲಿ 95ರ ಮೇಲೆ ಎಲ್ಲೋ ಫ್ಯಾನ್ ತಾನಾಗಿ ತಿರುಗಿ, ಕೆಲವು ಡಿಗ್ರಿ ಇಳಿಸಿ, ತಾನಾಗಿ ನಿಲ್ಲಬೇಕು. ಹೀಗೆ ಎರಡು ಸಲ ತಿರುಗಿ ನಿಂತದ್ದನ್ನು ಕಂಡ ಮೇಲೆ ಘಾಟಿಗೆ ಹೊರಡಿ.